ಕ್ವಾಂಟಂ ಗಣಕ ಮತ್ತು ನಮ್ಮ ಬೀಗದ ಕೈ



ಐರ್ಲೆಂಡು ಯಾವ ಸೈನಿಕ ಕೂಟಕ್ಕೂ ಸೇರದ ತಟಸ್ಥ ರಾಷ್ಟ್ರ. ಆದರೆ ಇಂದಿನ ರಕ್ಷಣೆಯಲ್ಲಿ ತೋಪಿನಷ್ಟೇ ಮುಖ್ಯವಾದುದು ರಹಸ್ಯವನ್ನು ಕಾಯುವ ಗಣಿತ. ಅದನ್ನು ಮುರಿಯಬಲ್ಲ ಯಂತ್ರಕ್ಕೆ ತಟಸ್ಥರು, ಕೂಟದವರು ಎಂಬ ಭೇದವಿಲ್ಲ.

ಬ್ಯಾಂಕು, ಸೈನ್ಯ, ಆಸ್ಪತ್ರೆಗಳ ಸಂದೇಶಗಳಿಗೆ ಹಾಕುವ ಬೀಗಗಳಲ್ಲೊಂದು, ಬೃಹತ್ ಸಂಖ್ಯೆಯನ್ನು ಅದರ ಅಪವರ್ತನಗಳಾಗಿ ಒಡೆಯುವುದು ದುಸ್ಸಾಧ್ಯವೆಂಬ ನಂಬಿಕೆಯ ಮೇಲೆ ನಿಂತಿದೆ. ಸಮರ್ಥ ಕ್ವಾಂಟಂ ಗಣಕವೊಂದಿದ್ದರೆ ಅದು ಸಾಧ್ಯವೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದರು. ಈ ಗಣಕವು ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರೀಕ್ಷಿಸುತ್ತದೆಂದು ಪತ್ರಿಕೆಗಳು ಬರೆಯುವುದುಂಟು, ಅದು ಸರಿಯಲ್ಲ. ನೀರಿನ ಅಲೆಗಳಂತೆ ತಪ್ಪು ಉತ್ತರಗಳು ಪರಸ್ಪರ ಅಳಿಸಿಹೋಗಿ ಸರಿಯಾದುದು ಬಲಗೊಳ್ಳುವಂತೆ ಲೆಕ್ಕವನ್ನು ಹೆಣೆಯಬೇಕಾಗುತ್ತದೆ.

ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ನಿನಿಂದ ಕವಲೊಡೆದ ಈಕ್ವಲ್‌ಒನ್ ಸಂಸ್ಥೆಯು 2025ರಲ್ಲಿ 'ಬೆಲ್-1' ಎಂಬ ಗಣಕವನ್ನು ಮಾರುಕಟ್ಟೆಗೆ ತಂದಿತು. ಸಿಲಿಕಾನ್ ಚಿಪ್ಪಿನಲ್ಲಿ 6 ಕ್ಯೂಬಿಟ್‌ಗಳು. ಚಿಪ್ಪನ್ನಿರಿಸುವುದು ನಿರಪೇಕ್ಷ ಶೂನ್ಯಕ್ಕಿಂತ ಕೇವಲ 0.3 ಡಿಗ್ರಿ ಮೇಲೆ. ಅದಕ್ಕೆ ಬೇಕಾದ ವಿದ್ಯುತ್ತು 1600 ವಾಟ್. ನಮ್ಮ ಅಡಿಗೆಮನೆಗಳ ಕೆಟ್ಲುಗಳೇ ಇದಕ್ಕಿಂತ ಹೊಟ್ಟೆಬಾಕ! ಬೀಗ ಮುರಿಯಲು ಲಕ್ಷಗಟ್ಟಲೆ ಕ್ಯೂಬಿಟ್‌ಗಳು ಬೇಕಾದ್ದರಿಂದ ಈ ಯಂತ್ರಕ್ಕೆ ಯಾರೂ ಅಂಜಬೇಕಾಗಿಲ್ಲ.

ಅಂಜಿಕೆಯಿರುವುದು ಬೇರೆಡೆ. ಇಂದು ಕದ್ದ ಗೂಢಲಿಪಿಯನ್ನು ಕೂಡಿಟ್ಟು, ಯಂತ್ರ ಬೆಳೆದ ಮೇಲೆ ತೆರೆಯಬಹುದು. ಯುದ್ಧತಂತ್ರ ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ರೋಗಿಯ ಆನುವಂಶಿಕ ಮಾಹಿತಿ ಹಳತಾಗುವುದಿಲ್ಲ, ಅದು ಮಕ್ಕಳಿಗೂ ಸಂಬಂಧಿಸಿದ್ದು. ವೈದ್ಯರಾದ ನಮ್ಮನ್ನು ಕಾಡುವುದು ಇದೇ. 2021ರ ಮೇ ತಿಂಗಳಲ್ಲಿ ಈ ದೇಶದ ಆರೋಗ್ಯ ಸೇವೆಯ ಮೇಲೆ ನಡೆದ ಸೈಬರ್ ದಾಳಿಗೆ ಕ್ವಾಂಟಂ ಏನೂ ಬೇಕಾಗಿರಲಿಲ್ಲ. ಆದರೂ ಆಸ್ಪತ್ರೆಗಳು ಕಾಗದ, ಪೆನ್ನಿಗೆ ಮರಳಿದವು, ರೋಗಿಗಳ ಮಾಹಿತಿಯೂ ಕಳವಾಯಿತು.

ಇನ್ನು ತಾಂತ್ರಿಕ ಸ್ವಾಯತ್ತತೆ. ಭಾರತೀಯರಿಗೆ ಇದನ್ನು ವಿವರಿಸಬೇಕೆ? 1980ರ ದಶಕದಲ್ಲಿ ನಾವು ಬಯಸಿದ ಕ್ರೇ ಸೂಪರ್ ಕಂಪ್ಯೂಟರನ್ನು ಅಮೆರಿಕ ನಿರಾಕರಿಸಿತು. 1988ರಲ್ಲಿ ಪುಣೆಯ ಸಿ-ಡ್ಯಾಕ್ ಹುಟ್ಟಿ, 1991ರಲ್ಲಿ 'ಪರಮ್ 8000' ಸಿದ್ಧವಾಯಿತು. 2024ರ ವೇಳೆಗೆ ಬ್ರಿಟನ್, ಫ್ರಾನ್ಸ್, ಸ್ಪೇನ್‌ಗಳು ಕ್ವಾಂಟಂ ಗಣಕಗಳ ರಫ್ತಿಗೆ ನಿರ್ಬಂಧ ಹೇರಿದ್ದವು. ಯಂತ್ರ ತಮ್ಮಲ್ಲೇ ಇರಬೇಕೆಂದು ಯೂರೋಪು ಹವಣಿಸುವುದು ಇದಕ್ಕೇ. 2023ರ ನವೆಂಬರಿನಲ್ಲಿ ಐರ್ಲೆಂಡೂ 'ಕ್ವಾಂಟಂ 2030' ಎಂಬ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿತು.

ಆದರೆ ಯಂತ್ರಕ್ಕಿಂತ ಬೀಗ ಬದಲಿಸುವುದೇ ಮೊದಲಿನ ಕೆಲಸವೆಂದು ನಮ್ಮ ಮತ. ಹೊಸ ಬೀಗಗಳ ಮಾನಕಗಳನ್ನು 2024ರ ಆಗಸ್ಟಿನಲ್ಲಿ ಪ್ರಕಟಿಸಿದ್ದು ಅಮೆರಿಕವಾದರೂ, ಅವುಗಳಲ್ಲಿ ಪ್ರಮುಖವಾದುದನ್ನು ರೂಪಿಸಿದವರಲ್ಲಿ ಯೂರೋಪಿನ ಗಣಿತಜ್ಞರೇ ಬಹುಮಂದಿ. ಐರೋಪ್ಯ ಒಕ್ಕೂಟದ ವೇಳಾಪಟ್ಟಿಯಂತೆ ಸದಸ್ಯ ರಾಷ್ಟ್ರಗಳು ಈ ಕೆಲಸವನ್ನು 2026ರ ಕೊನೆಯೊಳಗೆ ಆರಂಭಿಸಬೇಕು; ಅತಿ ಮುಖ್ಯ ವ್ಯವಸ್ಥೆಗಳ ಬೀಗಗಳು 2030ರ ಕೊನೆಯೊಳಗೆ ಬದಲಾಗಿರಬೇಕು.