ಹಳೆಯ ಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡು

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಂದರೆ ಜನರ ಬಾಯಲ್ಲಿ ಎಸ್.ಪಿ. ರೋಡ್ ಎಂದೇ ರೂಢಿಯಾಗಿಹೋಗಿರುವ ಆ ಇಕ್ಕಟ್ಟಾದ ಬೀದಿಯಲ್ಲಿ, ಗ್ರಾಫಿಕ್ಸ್ ಕಾರ್ಡನ್ನು ಅರಸಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿಗೆ ಸಾಮಾನ್ಯವಾಗಿ ಮೊದಲು ಎದುರಾಗುವ ಪ್ರಶ್ನೆ "ಬಜೆಟ್ ಎಷ್ಟು ಸಾರ್?" ಎಂಬುದು. ವ್ಯಾಪಾರದ ದೃಷ್ಟಿಯಿಂದ ಅದು ಸಹಜವಾದುದೇ. ಆದರೆ ಕೊಳ್ಳುವವನ ಹಿತವನ್ನು ನೋಡಿದರೆ ಅದು ನಾಲ್ಕನೆಯದಾಗಿ ಬರತಕ್ಕ ಪ್ರಶ್ನೆ. ಮನೆಯಲ್ಲಿರುವ ಪರದೆ ಎಂಥದು, ಪ್ರೊಸೆಸರು ಯಾವ ಕಾಲದ್ದು, ಕ್ಯಾಬಿನೆಟ್ಟಿನೊಳಗೆ ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್ ಎಷ್ಟು ಭಾರವನ್ನು ಹೊರಬಲ್ಲುದು, ಈ ಮೂರೂ ನಿಶ್ಚಯವಾದ ಮೇಲೆ ಹಣದ ಮಾತು. ಯಂತ್ರವನ್ನು ಬುಡದಿಂದ ಹೊಸದಾಗಿ ಕಟ್ಟಿಸುವ ಅನುಕೂಲಸ್ಥನಿಗೆ ಈ ಗೊಡವೆಯಿಲ್ಲ, ಕಾರ್ಡಿಗೆ ಅನುಗುಣವಾಗಿ ಮಿಕ್ಕದ್ದನ್ನೆಲ್ಲ ಅವನು ಹೊಂದಿಸಿಕೊಳ್ಳಬಲ್ಲ. ಏಳೆಂಟು ವರ್ಷಗಳ ಹಿಂದಿನ ಯಂತ್ರಕ್ಕೆ ಮಿತವ್ಯಯದಲ್ಲಿ ಹೊಸ ಚೈತನ್ಯವನ್ನು ತುಂಬಬೇಕೆನ್ನುವ ಕಾಲೇಜು ವಿದ್ಯಾರ್ಥಿಯ ಆಯ್ಕೆಯನ್ನಾದರೋ, ಅರ್ಧಕ್ಕಿಂತ ಹೆಚ್ಚಾಗಿ ಆ ಹಳೆಯ ಯಂತ್ರವೇ ಆಗಲೇ ಮಾಡಿ ಮುಗಿಸಿರುತ್ತದೆ.

ಪರದೆಯಿಂದ ಪ್ರಾರಂಭಿಸುವುದು ಲೇಸು. ನಮ್ಮ ಮನೆಗಳಲ್ಲಿ ಸಾಧಾರಣವಾಗಿ ಕಾಣುವ ಫುಲ್ ಎಚ್‌ಡಿ ಪರದೆಯಲ್ಲಿ ಅಗಲಕ್ಕೆ 1920, ಎತ್ತರಕ್ಕೆ 1080ರಂತೆ ಒಟ್ಟು 20,73,600 ಬಿಂದುಗಳಿರುತ್ತವೆ. ಸೆಕೆಂಡಿಗೆ 60 ಚಿತ್ರಗಳಾದರೂ ಮೂಡಿದಲ್ಲದೆ ಆಟದ ಚಲನೆ ಕಣ್ಣಿಗೆ ನಯವೆನಿಸದಾದುದರಿಂದ, ಒಂದೊಂದು ಚಿತ್ರಕ್ಕೂ ದೊರೆಯುವ ಅವಕಾಶ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಬಿಂದುಗಳಲ್ಲಿ ಪ್ರತಿಯೊಂದರ ವರ್ಣವನ್ನೂ, ಅದರ ಮೇಲೆ ಬೀಳುವ ಬೆಳಕನ್ನೂ ನೆರಳನ್ನೂ ಗಣಿಸಿ ಮುಗಿಸಬೇಕು. ಬಿಡಿಬಿಡಿಯಾಗಿ ನೋಡಿದರೆ ಸುಲಭವಾದ, ಸಂಖ್ಯಾಬಾಹುಳ್ಯದಿಂದ ಮಾತ್ರ ದುಸ್ಸಾಧ್ಯವಾದ ಈ ಲೆಕ್ಕವನ್ನು ಸಾವಿರಾರು ಸಣ್ಣ ಗಣನಾಂಗಗಳು ಏಕಕಾಲದಲ್ಲಿ ಹಂಚಿಕೊಂಡು ಮಾಡುವಂತೆ ರಚಿತವಾದ ಚಿಪ್ಪೇ ಗ್ರಾಫಿಕ್ಸ್ ಕಾರ್ಡಿನ ಹೃದಯ. 1440 ಸಾಲುಗಳ ಪರದೆಯಾದರೆ ಬಿಂದುಗಳ ಸಂಖ್ಯೆ 36,86,400ಕ್ಕೂ, 4ಕೆ ಎಂಬ ಪರದೆಯಾದರೆ 82,94,400ಕ್ಕೂ ಏರುತ್ತದೆ. ಕಾರ್ಡಿನ ದುಡಿಮೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಫುಲ್ ಎಚ್‌ಡಿ ಪರದೆಯನ್ನಿಟ್ಟುಕೊಂಡು, ಅದನ್ನು ಬದಲಿಸುವ ಸಂಕಲ್ಪವೂ ಇಲ್ಲದವನು 4ಕೆ ಪರದೆಗೆ ತಕ್ಕ ಕಾರ್ಡಿಗೆ ಹಣ ಸುರಿಯುವುದು ಕೇವಲ ಬಡಾಯಿಯೆಂದೇ ನನ್ನ ಭಾವನೆ.

ಇನ್ನು ಪ್ರೊಸೆಸರು. ಎದುರಾಳಿ ಎಲ್ಲಿದ್ದಾನೆ, ಹಾರಿದ ಗುಂಡು ಯಾರಿಗೆ ತಗುಲಿತು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬ ಆಟದ ನಡೆಯನ್ನೆಲ್ಲ ನಿರ್ಧರಿಸಿ, ಯಾವ ಚಿತ್ರವನ್ನು ಬರೆಯಬೇಕೆಂದು ಕಾರ್ಡಿಗೆ ಅಪ್ಪಣೆ ಮಾಡುವುದು ಅದರ ಕಾರ್ಯ. ಮದುವೆಮನೆಯಲ್ಲಿ ತರಕಾರಿ ಹೆಚ್ಚಿಕೊಡುವವರು ನಿಧಾನಿಸಿದರೆ ಅಡಿಗೆಯವರು ಎಷ್ಟು ಒಲೆ ಹೂಡಿದರೂ ಊಟ ಬೇಗನೆ ಆಗದಂತೆ, ಅಪ್ಪಣೆ ತಡವಾದರೆ ಎಂಥ ಬಲಿಷ್ಠ ಕಾರ್ಡೂ ಕೈಕಟ್ಟಿ ಕಾಯಬೇಕಾಗುತ್ತದೆ. ತೊಡಕು ಯಾವುದರಲ್ಲಿದೆಯೆಂದು ತಿಳಿಯಲು ಕಾಸೂ ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಶನನ್ನು 1280 ಅಡ್ಡ 720ಕ್ಕೆ ಇಳಿಸಿ, ಮೊದಲು ಆಡಿದ ಜಾಗದಲ್ಲೇ ಮತ್ತೆ ಆಡಿ ನೋಡುವುದು. ಚಿತ್ರಗಳ ವೇಗ ಗಣನೀಯವಾಗಿ ಏರಿತೆಂದರೆ ಅದುವರೆಗೆ ಹಿಂದೆ ಬಿದ್ದಿದ್ದುದು ಕಾರ್ಡೇ. ಏರದೆ ಇದ್ದಲ್ಲಿಯೇ ನಿಂತಿತೆಂದರೆ ದೋಷ ಪ್ರೊಸೆಸರಿನದು, ಹೊಸ ಕಾರ್ಡಿನಿಂದ ಅದು ಪರಿಹಾರವಾಗದು. ವ್ಯಾಲರೆಂಟ್, ಕೌಂಟರ್-ಸ್ಟ್ರೈಕ್ 2 ಮೊದಲಾದ ಸ್ಪರ್ಧೆಯ ಆಟಗಳನ್ನೇ ಆಡುವವರಲ್ಲಿ ಅನೇಕರಿಗೆ ಈ ಎರಡನೆಯ ಫಲವೇ ದೊರೆಯುತ್ತದೆ. ಒಂಟಿಯಾಗಿರುವ ರ‍್ಯಾಮಿಗೆ ಅಂಥದೇ ಇನ್ನೊಂದು ಜೊತೆಗೂಡಿದರೆ ಇಂಥವರಿಗೆ ಎಷ್ಟೋ ಸಲ ಕಾರ್ಡಿಗಿಂತ ಹೆಚ್ಚಿನ ಉಪಕಾರವಾಗುತ್ತದೆ. ಅಂಗಡಿಯವನು ಮಾತ್ರ ಇದನ್ನು ತಾನಾಗಿ ಹೇಳಲಾರ.

ವಿದ್ಯುತ್ತಿನ ವಿಚಾರದಲ್ಲಿ ಆಗುವ ಅವಿವೇಕ ಕೇವಲ ಹಣನಷ್ಟದಲ್ಲಿ ಮುಗಿಯುವುದಿಲ್ಲ. ಮದರ್‌ಬೋರ್ಡಿನ ಉದ್ದನೆಯ ಸ್ಲಾಟು ಕಾರ್ಡಿಗೆ ಕೊಡಬಲ್ಲದು ಹೆಚ್ಚೆಂದರೆ 75 ವಾಟ್; ಅದಕ್ಕೂ ಮೀರಿ ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಕೇಬಲ್ ಬೇಕು, ಆರು ಪಿನ್ನಿನದಕ್ಕೆ 75, ಎಂಟು ಪಿನ್ನಿನದಕ್ಕೆ 150 ವಾಟ್ ಎಂಬುದು ನಿಯಮ. ಕ್ಯಾಬಿನೆಟ್ಟಿನೊಡನೆ ಉಚಿತವೆಂಬಂತೆ ಬರುವ ಎಸ್‌ಎಂಪಿಎಸ್‌ಗಳ ಮೈಮೇಲೆ 450 ವಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ, ಚೀಟಿಯ ಮೂಲೆಯಲ್ಲಿ 12 ವೋಲ್ಟಿನ ಸಾಲಿಗೆ 16 ಆಂಪಿಯರ್ ಎಂದಿದ್ದರೆ, ಅವೆರಡನ್ನೂ ಗುಣಿಸಿದಾಗ ಬರುವ 192 ವಾಟೇ ಪ್ರೊಸೆಸರೂ ಕಾರ್ಡೂ ಹಂಚಿಕೊಳ್ಳಬೇಕಾದ ನಿಜವಾದ ಬಂಡವಾಳ. 80 ಪ್ಲಸ್ ಎಂಬ ಮುದ್ರೆಯಾದರೂ ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆಂಬುದಕ್ಕೆ ಪ್ರಮಾಣಪತ್ರವೇ ಹೊರತು ಸುರಕ್ಷತೆಗಲ್ಲ. ಎಂಟು ಪಿನ್ನಿನ ಕೇಬಲ್ ಇಲ್ಲವೆಂದೊಡನೆ ಸಾಟಾ ಕೇಬಲ್ಲಿಗೆ ಸಿಕ್ಕಿಸುವ ಪರಿವರ್ತಕವೊಂದನ್ನು ಕೈಗೆ ಕೊಡುವ ಪದ್ಧತಿಯುಂಟು. ಹಾರ್ಡ್ ಡಿಸ್ಕಿಗೆಂದು ಮಾಡಿದ ಆ ತೆಳು ಸಂಪರ್ಕದ ಮೂಲಕ ಅಷ್ಟೊಂದು ವಿದ್ಯುತ್ತನ್ನು ಹರಿಸಿದರೆ ಪ್ಲಾಸ್ಟಿಕ್ಕು ಕರಗುವುದು ಆಶ್ಚರ್ಯವಲ್ಲ.

ಕಚೇರಿಗಳು ವಿಲೇವಾರಿ ಮಾಡಿದ ಕಂಪ್ಯೂಟರನ್ನು ಅಗ್ಗವಾಗಿ ಕೊಂಡು ಅದರಲ್ಲಿ ಆಟವಾಡಬಯಸುವವರ ಪಾಡು ಇನ್ನೂ ವಿಶಿಷ್ಟವಾದುದು. ಅವುಗಳಲ್ಲನೇಕಕ್ಕೆ ಎಸ್‌ಎಂಪಿಎಸ್ ತಮ್ಮದೇ ಆಕಾರದ್ದು, ಬದಲಿಸುವುದು ಪ್ರಯಾಸ. ಸಪೂರವಾದ ಕ್ಯಾಬಿನೆಟ್ಟಾದರೆ ಅರ್ಧ ಎತ್ತರದ ಕಾರ್ಡಲ್ಲದೆ ಬೇರೆಯದು ಹಿಡಿಸದು. ಇಂಥ ಯಂತ್ರಗಳಿಗೆ ಬಹುಕಾಲ ಗತಿಯಾಗಿದ್ದುದು 2019ರಲ್ಲಿ ಬಂದ, 75 ವಾಟಿನಲ್ಲೇ ಸಂಸಾರ ನಡೆಸುವ ಜಿಟಿಎಕ್ಸ್ 1650. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಕೇವಲ 70 ವಾಟಿನಲ್ಲಿ ಅದಕ್ಕಿಂತ ಮುಂದೆ ಹೋಗಿದೆ. ಈ ಎರಡರಲ್ಲೂ ಅರ್ಧ ಎತ್ತರದವು ಸಿಗುತ್ತವೆ. ಜಿಟಿಎಕ್ಸ್ 1650ರಲ್ಲೇ ಕೆಲವು ತಯಾರಕರು ಆರು ಪಿನ್ನಿನ ಸಾಕೆಟ್ಟನ್ನು ಸೇರಿಸಿರುವುದರಿಂದ ಹೆಸರನ್ನು ಮಾತ್ರ ನಂಬಿ ತರದೆ ಕಾರ್ಡಿನ ಚಿತ್ರವನ್ನು ನೋಡಿಕೊಳ್ಳಬೇಕು.

ಹೆಸರಿನ ಮಾತು ಬಂದುದರಿಂದ, ಈ ವ್ಯಾಪಾರದಲ್ಲಿ ನನಗೆ ಅತ್ಯಂತ ಅಸಹ್ಯವೆನಿಸುವ ಅಂಶವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದೇ ನಾಮಧೇಯದಡಿಯಲ್ಲಿ ಎರಡು ಬೇರೆಬೇರೆ ಯೋಗ್ಯತೆಯ ಸರಕನ್ನು ಮಾರುವುದು ಇಲ್ಲಿ ಸಂತೆಯ ಮೋಸಗಾರರ ಉಪಾಯವಲ್ಲ, ತಯಾರಿಸುವ ಮಹಾಸಂಸ್ಥೆಗಳೇ ಅಂಗೀಕರಿಸಿದ ಸಂಪ್ರದಾಯ. ಎನ್ವಿಡಿಯ ಸಂಸ್ಥೆಯ 2016ರ ಜಿಟಿಎಕ್ಸ್ 1060ರಲ್ಲಿ 6 ಜಿಬಿಯದಕ್ಕೆ 1280 ಗಣನಾಂಗಗಳಿದ್ದರೆ 3 ಜಿಬಿಯದಕ್ಕೆ 1152. ವ್ಯತ್ಯಾಸ ಬರಿಯ ಮೆಮೊರಿಯದೆಂದು ನಂಬಿ ಕೊಂಡವರಿಗೆ ಚಿಪ್ಪಿನಲ್ಲಿಯೂ ಕಡಿತವಾಗಿರುವುದು ಪೆಟ್ಟಿಗೆಯ ಹೆಸರಿನಿಂದ ತಿಳಿಯುವಂತಿರಲಿಲ್ಲ. ಅದಕ್ಕೂ ಕೆಳಗಿನ ದರ್ಜೆಯ ಜಿಟಿ 1030ರ ಕಥೆ ಇದಕ್ಕಿಂತ ಶೋಚನೀಯ: ಮೊದಲು ಬಂದುದರಲ್ಲಿ ಜಿಡಿಡಿಆರ್5 ಮೆಮೊರಿಯಿದ್ದು ಸೆಕೆಂಡಿಗೆ ಸುಮಾರು 48 ಜಿಬಿ ದತ್ತಾಂಶ ಹರಿಯುತ್ತಿತ್ತು, 2018ರಲ್ಲಿ ಅದೇ ಹೆಸರಿನಿಂದ ಬಂದ ಡಿಡಿಆರ್4 ಮೆಮೊರಿಯದರಲ್ಲಿ ಹರಿಯುವುದು 17 ಜಿಬಿಗೂ ಕಡಿಮೆ. ಎಎಮ್‌ಡಿಯೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಆರ್‌ಎಕ್ಸ್ 580ಕ್ಕೆ ಇರಬೇಕಾದ 2304 ಗಣನಾಂಗಗಳ ಬದಲು 2048 ಮಾತ್ರವೇ ಇರುವ ರೂಪವೊಂದು 2018ರಲ್ಲಿ ಚೀನದ ಮಾರುಕಟ್ಟೆಗೆಂದು ಹುಟ್ಟಿ, ಈಗ ನಮ್ಮ ಆನ್‌ಲೈನ್ ಅಂಗಡಿಗಳಲ್ಲಿಯೂ ನಿರಾತಂಕವಾಗಿ ಸಂಚರಿಸುತ್ತಿದೆ. ಆಗಲೇ ಹೇಳಿದ ಆರ್‌ಟಿಎಕ್ಸ್ 3050 ಸಹ ಈ ದೋಷದಿಂದ ಮುಕ್ತವಲ್ಲ: 8 ಜಿಬಿಯ ಹಳೆಯದಕ್ಕೆ 2560, 6 ಜಿಬಿಯ ಹೊಸದಕ್ಕೆ 2304. ಕಡಿಮೆ ವಿದ್ಯುತ್ತಿನ ಯಂತ್ರಕ್ಕೆ ಹೊಸದೇ ಉಪಯುಕ್ತವೆಂಬುದು ನಿಜ. ಆದರೆ ಅದಕ್ಕೊಂದು ಬೇರೆ ಹೆಸರಿಡಲು ಎನ್ವಿಡಿಯಕ್ಕೆ ಬಡತನವೇನಿತ್ತೋ ತಿಳಿಯದು.

ಮೆಮೊರಿಯ ಗಾತ್ರವೇ ಸರ್ವಸ್ವವೆಂದು ಭಾವಿಸುವವರು ಕೆಲವರು, ಅದೊಂದು ಅಲಂಕಾರವೆಂದು ತಳ್ಳಿಹಾಕುವವರು ಕೆಲವರು. ಆಟದ ದೃಶ್ಯಗಳಿಗೆ ಹೊದಿಸುವ ಚಿತ್ರಗಳೆಲ್ಲ ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವವರೆಗೆ ಅದು ಎಷ್ಟಿದ್ದರೂ ವೇಗದಲ್ಲಿ ಭೇದ ಕಾಣುವುದಿಲ್ಲ. ಹಿಡಿಸದೆ ಹೋದ ಕ್ಷಣದಲ್ಲಿ ಕಾರ್ಡು ಮದರ್‌ಬೋರ್ಡಿನ ದಾರಿ ಹಿಡಿದು ಯಂತ್ರದ ರ‍್ಯಾಮಿಗೆ ಹೋಗಿಬರಬೇಕಾಗಿ, ಆಟ ತಟಕ್ಕನೆ ತಡವರಿಸುತ್ತದೆ. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡಿಗೆ ಮೆಮೊರಿ 4 ಜಿಬಿ, ಹೋಗಿಬರುವ ದಾರಿಯೋ ನಾಲ್ಕೇ ಪಥದ್ದು, ಪಿಸಿಐಇ 4.0 ಇಲ್ಲದ ಹಳೆಯ ಮದರ್‌ಬೋರ್ಡಿನಲ್ಲಿ ಆ ದಾರಿಯ ವೇಗ ಮತ್ತೂ ಅರ್ಧಕ್ಕಿಳಿಯುವುದರಿಂದ, ಬಡವರಿಗೆಂದು ಮಾರಿದ ಕಾರ್ಡು ಬಡವರ ಯಂತ್ರದಲ್ಲಿಯೇ ಸೋಲುವಂತಾಯಿತು. ಇಂದು ಹೊಸ ಆಟಗಳಿಗೆಂದು ಕೊಳ್ಳುವವರು 8 ಜಿಬಿಗಿಂತ ಕೆಳಗಿಳಿಯಬಾರದು, ವಿದ್ಯುತ್ತಿನ ನಿರ್ಬಂಧವೊಂದಿದ್ದ ಹೊರತು.

ಈ ಮಿತಿಗಳೊಳಗೆ ನಿಂತು ನೋಡಿದರೆ, 2021ರ ಆರ್‌ಎಕ್ಸ್ 6600 ನನಗೆ ಇಂದಿಗೂ ಮಧ್ಯಮ ವರ್ಗದ ಮನೆಗೆ ಒಗ್ಗುವ ಕಾರ್ಡಾಗಿ ಕಾಣುತ್ತದೆ: 8 ಜಿಬಿ ಮೆಮೊರಿ, 132 ವಾಟಿನ ಹಸಿವು, ಎಂಟು ಪಿನ್ನಿನ ಒಂದೇ ಕೇಬಲ್, ಫುಲ್ ಎಚ್‌ಡಿಗೆ ಸಾಕಷ್ಟು ಬಲ. 2023ರ ಆರ್‌ಟಿಎಕ್ಸ್ 4060 ಅದಕ್ಕಿಂತ ವೇಗವುಳ್ಳದ್ದಾಗಿಯೂ 115 ವಾಟಿನಲ್ಲೇ ತೃಪ್ತಿಪಡುತ್ತದೆ, ಬೆಲೆ ಮಾತ್ರ ಮೇಲಿನದು. 2021ರ ಆರ್‌ಟಿಎಕ್ಸ್ 3060 ತನ್ನ 12 ಜಿಬಿಯಿಂದ ಇನ್ನೂ ಗೌರವವನ್ನುಳಿಸಿಕೊಂಡಿದೆ, ಆದರೆ ಅದಕ್ಕೂ 8 ಜಿಬಿಯ ಬಡ ಸೋದರನೊಬ್ಬನುಂಟೆಂಬುದನ್ನು ಮರೆಯಕೂಡದು. 2024ರ ಡಿಸೆಂಬರಿನಲ್ಲಿ ಇಂಟೆಲ್ ಹೊರತಂದ ಆರ್ಕ್ ಬಿ580, ಅಮೆರಿಕದಲ್ಲಿ 249 ಡಾಲರಿಗೆ 12 ಜಿಬಿಯನ್ನು ಕೊಟ್ಟು ವಿಮರ್ಶಕರ ಮೆಚ್ಚಿಕೆಯನ್ನು ಗಳಿಸಿತು. ಆದರೆ ಮದರ್‌ಬೋರ್ಡಿನಲ್ಲಿ ರೀಸೈಸಬಲ್ ಬಾರ್ ಎಂಬ ಸೌಕರ್ಯವಿಲ್ಲದಿದ್ದರೆ ಅದರ ಶಕ್ತಿ ಬಹುವಾಗಿ ಕುಂದುತ್ತದೆ, ಹಳೆಯ ಪ್ರೊಸೆಸರಿನೊಡನೆ ಕೂಡಿದಾಗ ಅದರ ಡ್ರೈವರೇ ಪ್ರೊಸೆಸರಿಗೆ ಹೊರೆಯಾಗುತ್ತದೆ. ಇಂಟೆಲಿನಲ್ಲಿ ಹತ್ತನೆಯ ತಲೆಮಾರಿನ ಈಚೆಗಿನ, ಎಎಮ್‌ಡಿಯಲ್ಲಿ ರೈಜನ್ 3000ದ ಈಚೆಗಿನ ಯಂತ್ರವುಳ್ಳವರು ಮಾತ್ರ ಅದರ ಕಡೆ ನೋಡಬಹುದು. ಇಂಥ ಯಂತ್ರವುಳ್ಳವನಿಗೆ ಕೈಯಲ್ಲಿ ಇನ್ನಷ್ಟು ಹಣವಿದ್ದರೆ 2025ರ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ರೂಪವನ್ನು ವಿಚಾರಿಸಬಹುದು. ಅಲ್ಲಿಗೆ ಅಗ್ಗದ ಮಾತು ಮುಗಿಯಿತು.

ಶೇ. 18ರ ಜಿಎಸ್‌ಟಿಯೂ ಸೇರಿ ಹೊಸದು ಎಟುಕದಾದಾಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಕೈಬೀಸಿ ಕರೆಯುತ್ತದೆ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ನಾಣ್ಯದ ವ್ಯವಸ್ಥೆ ಬದಲಾಗಿ ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ಗಳಿಸುವ ಉದ್ಯೋಗ ನಿಂತುಹೋದುದರಿಂದ, ಹಗಲಿರುಳೆನ್ನದೆ ದುಡಿದಿದ್ದ ಕಾರ್ಡುಗಳು ರಾಶಿರಾಶಿಯಾಗಿ ಪೇಟೆಗೆ ಬಂದವು. ಮೈನಿಂಗ್ ಮಾಡಿದ ಕಾರ್ಡೆಂದೊಡನೆ ಹೆದರಿ ಓಡಬೇಕಾಗಿಲ್ಲ; ಏಕಪ್ರಕಾರವಾಗಿ ದುಡಿದ ಚಿಪ್ಪಿಗಿಂತ ಅದರ ಫ್ಯಾನೂ, ಶಾಖವನ್ನು ಹೊರಗೊಯ್ಯುವ ಪೇಸ್ಟೂ ಪ್ಯಾಡುಗಳೂ ಸವೆದಿರುವುದು ಹೆಚ್ಚು ಸಂಭವ, ಅವುಗಳನ್ನು ಬದಲಿಸಬಹುದು. ಹೆದರಬೇಕಾದದ್ದು ಬಿಲ್ಲಿಲ್ಲದ ಕಾರ್ಡಿಗೆ, ಸೀರಿಯಲ್ ನಂಬರಿನ ಚೀಟಿ ಕಿತ್ತ ಕಾರ್ಡಿಗೆ, "ತಗೊಂಡು ಹೋಗಿ ಮನೇಲಿ ನೋಡಿ ಸಾರ್" ಎನ್ನುವವನಿಗೆ. ಮಾರುವವನ ಎದುರಿನಲ್ಲಿಯೇ ಯಂತ್ರಕ್ಕೆ ಸಿಕ್ಕಿಸಿ, ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಭಾರವಾದ ಆಟವೊಂದನ್ನು ಓಡಿಸಿ, ಪರದೆಯಲ್ಲಿ ಚುಕ್ಕೆ ಗೆರೆಗಳು ಮೂಡುವುವೇ, ಫ್ಯಾನು ಕರಕರ ಎನ್ನುವುದೇ ಎಂದು ನೋಡಬೇಕು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನೂ ತೆರೆದು ನೋಡಬೇಕು. ಹಳೆಯ ಜಿಟಿಎಕ್ಸ್ 550 ಟಿಐ ಚಿಪ್ಪಿನ ಬಯೋಸನ್ನು ತಿದ್ದಿ 1050 ಟಿಐ ಎಂದು ನುಡಿಸಿ ಮಾರುವ ವಂಚನೆಯನ್ನು ಅದು ಗುರುತಿಸಬಲ್ಲದು.

ಆಯಸ್ಸಿನ ಪ್ರಶ್ನೆಯೂ ಇದೆ. ಬಹುಜನಪ್ರಿಯವಾಗಿದ್ದ ಜಿಟಿಎಕ್ಸ್ 1050, 1060ರ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರುಗಳನ್ನು ಒದಗಿಸುವುದನ್ನು ಎನ್ವಿಡಿಯ 2025ರ ಅಕ್ಟೋಬರಿಗೆ ನಿಲ್ಲಿಸಿ, ಸುರಕ್ಷತೆಯ ತಿದ್ದುಪಡಿಗಳನ್ನು ಮಾತ್ರ 2028ರ ಅಕ್ಟೋಬರಿನವರೆಗೆ ಕೊಡುವುದಾಗಿ ಸಾರಿದೆ. ಅಲ್ಲದೆ 2024ರ ಕೊನೆಯಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟವೂ, 2025ರ ಡೂಮ್: ದಿ ಡಾರ್ಕ್ ಏಜಸ್ ಆಟವೂ ಬೆಳಕಿನ ಕಿರಣಗಳನ್ನು ಗಣಿಸುವ ರೇ ಟ್ರೇಸಿಂಗ್ ಅಂಗವುಳ್ಳ ಕಾರ್ಡನ್ನೇ ಬೇಡುತ್ತವೆ, ಜಿಟಿಎಕ್ಸ್ 1660 ಎಷ್ಟು ಅಗ್ಗವಾಗಿ ದೊರೆತರೂ ಇಂಥ ಆಟಗಳಿಗೆ ಅದು ಒದಗದು. ಹಳೆಯ ಆಟಗಳಲ್ಲೇ ಸುಖಿಯಾಗಿರುವವನು ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ, 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಇಂದಿಗೂ ಸಾಧಾರಣ ಕಾರ್ಡಿನಲ್ಲಿ ಸೊಗಸಾಗಿ ಓಡುತ್ತದೆ.

ಕಾರ್ಡು ಮನೆಗೆ ಬಂದ ಮೇಲೆ ಮಾಡತಕ್ಕ ಕೆಲಸ ಅಲ್ಪ. ಹಳೆಯ ಡ್ರೈವರನ್ನು ತೆಗೆದುಹಾಕಿ, ಕ್ಯಾಬಿನೆಟ್ಟಿನ ಧೂಳನ್ನು ಊದಿ, ಸ್ಲಾಟಿನ ಕೊಕ್ಕೆ ಟಿಕ್ಕೆನ್ನುವಂತೆ ಕಾರ್ಡನ್ನು ಕೂರಿಸಿ, ಪವರ್ ಕೇಬಲ್ಲನ್ನು ಪೂರ್ತಿಯಾಗಿ ಒತ್ತಿದರಾಯಿತು. ಇಷ್ಟೆಲ್ಲ ಮಾಡಿಯೂ ಆಟ ಮೊದಲಿನಂತೆಯೇ ಕುಂಟುತ್ತಿದೆಯೆಂದು ಅಂಗಡಿಗೆ ಫೋನು ಮಾಡಿ ಜಗಳವಾಡುವವರಲ್ಲಿ ಕೆಲವರು, ಪರದೆಯ ಎಚ್‌ಡಿಎಂಐ ಕೇಬಲ್ಲನ್ನು ಹೊಸ ಕಾರ್ಡಿನ ಬದಲು ಮದರ್‌ಬೋರ್ಡಿನ ಹಳೆಯ ಕಿಂಡಿಯಲ್ಲಿಯೇ ಬಿಟ್ಟಿರುತ್ತಾರೆ. ಫೋನು ಎತ್ತುವ ಮುನ್ನ ಯಂತ್ರದ ಬೆನ್ನನ್ನೊಮ್ಮೆ ನೋಡುವುದು ಒಳ್ಳೆಯದು. ಪರದೆ 144 ಹರ್ಟ್ಸಿನದಾಗಿದ್ದರೆ, ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದು ಇನ್ನೂ 60ರಲ್ಲಿಯೇ ನಿಂತಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬಹುದು.