ಅಂಡರ್‌ಟೇಕರ್–ಮ್ಯಾನ್‌ಕೈಂಡ್ ಫೈಟ್ ಪೂರ್ತಿ ಫೇಕಾ? ನಿಜ ಏನು?

ಕಬ್ಬಿಣದ ಪಂಜರದ ಮೇಲಿಂದ ಒಬ್ಬ ದಢೂತಿ ಮನುಷ್ಯನನ್ನು ಇನ್ನೊಬ್ಬ ಕೆಳಕ್ಕೆ ಎಸೆಯುತ್ತಾನೆ, ಕೆಳಗಿದ್ದ ಟೇಬಲ್ ಪುಡಿಪುಡಿಯಾಗುತ್ತದೆ. ಈ ಹಳೇ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಜೊತೆ ಬರುವ ಮಾತು ಎರಡು ಬಗೆ. "ಅಂಡರ್‌ಟೇಕರ್‌ಗೆ ಏಳು ಜೀವ" ಅನ್ನೋದು ಒಂದು. "ಎಲ್ಲಾ ಫೇಕ್, ಯಾರಿಗೂ ಏನೂ ಆಗಲ್ಲ" ಅನ್ನೋದು ಇನ್ನೊಂದು. ಎರಡೂ ತಪ್ಪು.

ಏಳು ಜೀವದ ಕತೆಯನ್ನು ಬಾಗಲವಾಡದಿಂದ ಬೆಂಗಳೂರಿನ ತನಕ ಟ್ರಂಪ್ ಕಾರ್ಡ್ ಆಡಿ ಬೆಳೆದ ಹುಡುಗರೆಲ್ಲ ಕೇಳಿದ್ದಾರೆ. ಅಂಡರ್‌ಟೇಕರ್ ನಿಜ ಹೆಸರು ಮಾರ್ಕ್ ಕ್ಯಾಲವೇ, ಅಮೆರಿಕದ ಟೆಕ್ಸಾಸ್‌ನವರು. 1994ರ ಜನವರಿಯಲ್ಲಿ ಯೊಕೊಜುನಾ ಎದುರಿನ ಪಂದ್ಯದಲ್ಲಿ ಅವರನ್ನು ಶವಪೆಟ್ಟಿಗೆಗೆ ಹಾಕಿ 'ಸಾಯಿಸಿದರು', ಆಗಸ್ಟ್‌ನಲ್ಲಿ ವಾಪಸ್ ಕರೆತಂದರು. ಆಗ ಎದುರಿಗೆ ನಿಂತ 'ನಕಲಿ ಅಂಡರ್‌ಟೇಕರ್' ಬ್ರಯಾನ್ ಲೀ. 1996ರ 'ಖಿಲಾಡಿಯೋಂ ಕಾ ಖಿಲಾಡಿ' ಸಿನಿಮಾದಲ್ಲಿ ಅಕ್ಷಯ್ ಕುಮಾರ್ ಎತ್ತಿದ್ದೂ ಇದೇ ಲೀಯನ್ನು. 2023ರಲ್ಲಿ ಅಕ್ಷಯ್ ಅವರೇ ಇದನ್ನು ಹೇಳಿದ್ದಾರೆ. ಅಂದಹಾಗೆ, ಕೇನ್ ಕೂಡ ಅವರ ತಮ್ಮ ಅಲ್ಲ.

ಇನ್ನು 'ಫೇಕ್' ವಿಚಾರ. ಗೆಲುವು-ಸೋಲು ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಗುಟ್ಟೇನಲ್ಲ. ಇದು ಮನರಂಜನೆ ಎಂದು 1989ರಲ್ಲಿ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಮುಂದೆ ಒಪ್ಪಿಕೊಂಡಿತ್ತು. ಆದರೆ ಕತೆ ಬರೆದವರಿಗೆ ಗುರುತ್ವಾಕರ್ಷಣೆಯನ್ನು ಬದಲಿಸಲು ಬರುವುದಿಲ್ಲವಲ್ಲ!

ವಿಡಿಯೊದಲ್ಲಿರುವ ಪಂದ್ಯ ನಡೆದದ್ದು 1998ರ ಜೂನ್ 28ರಂದು, ಪಿಟ್ಸ್‌ಬರ್ಗ್‌ನಲ್ಲಿ. ಮ್ಯಾನ್‌ಕೈಂಡ್ ಅಂದರೆ ಮಿಕ್ ಫೋಲಿ, ಆಗ 33 ವರ್ಷ. ಪಂಜರದ ಎತ್ತರ ಸುಮಾರು 16 ಅಡಿ. ಅಷ್ಟು ಎತ್ತರದಿಂದ ಬಿದ್ದರೆ ಒಂದೇ ಸೆಕೆಂಡಿನಲ್ಲಿ ನೆಲ ಸಿಗುತ್ತದೆ, ಆ ಹೊತ್ತಿಗೆ ವೇಗ ಗಂಟೆಗೆ ಸುಮಾರು 35 ಕಿ.ಮೀ. ಟೇಬಲ್ ಮುರಿಯುವಾಗ ಪೆಟ್ಟಿನ ಸ್ವಲ್ಪ ಭಾಗವನ್ನು ಅದೇ ತಿನ್ನುತ್ತದೆ. ಬೆನ್ನು ಪೂರ್ತಿ ಚಪ್ಪಟೆಯಾಗಿ ತಾಗಿದರೆ ಪೆಟ್ಟು ಒಂದೇ ಜಾಗಕ್ಕೆ ಬೀಳದೆ ಹರಡುತ್ತದೆ. ವರ್ಷಗಟ್ಟಲೆ ಕಲಿತವರ ಉಪಾಯ ಇಷ್ಟೇ. ಇಷ್ಟಾದರೂ ಅವರ ಭುಜದ ಕೀಲು ತಪ್ಪಿತು.

ಆ ಬೀಳುವಿಕೆ ಮೊದಲೇ ಮಾತಾಡಿಕೊಂಡದ್ದು. ಫೋಲಿ ಮತ್ತೆ ಮೇಲೆ ಹತ್ತಿದ ನಂತರ ಅಂಡರ್‌ಟೇಕರ್ ಎತ್ತಿ ಒಗೆದಾಗ ಪಂಜರದ ಚಾವಣಿಯೇ ಕಿತ್ತುಬಂದದ್ದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಫೋಲಿ ರಿಂಗಿಗೆ ಬಿದ್ದರು, ಮೇಲಿದ್ದ ಕುರ್ಚಿಯೂ ಬಂದು ಮುಖಕ್ಕೆ ಬಡಿಯಿತು. ಪ್ರಜ್ಞೆ ತಪ್ಪಿತು, ಹಲ್ಲು ಮುರಿಯಿತು. ಅಭಿಮಾನಿಗಳು ಇಂದಿಗೂ ನೆನೆಯುವ ಆ ಮುರಿದ ಹಲ್ಲಿನ ನಗು ಮೇಕಪ್ ಅಲ್ಲ. ಪಂದ್ಯ ಗೆದ್ದದ್ದು ಅಂಡರ್‌ಟೇಕರ್, ಆದರೆ ಜನರ ಬಾಯಲ್ಲಿ ಉಳಿದದ್ದು ಸೋತ ಫೋಲಿ.

ಈಗ ಮನೆಯ ಮಾತಿಗೆ ಬರೋಣ. 'ಫೇಕ್' ಅಂದುಕೊಂಡ ಮಕ್ಕಳು ಕ್ಲಾಸ್‌ರೂಮಿನಲ್ಲಿ, ಮಾಳಿಗೆ ಮೇಲೆ ಇದನ್ನೇ ಮಾಡಲು ಹೋಗುತ್ತಾರೆ. ಟೂಂಬ್‌ಸ್ಟೋನ್ ಪಟ್ಟನ್ನೇ ನೋಡಿ: ತಲೆಕೆಳಗಾಗಿ ಹಿಡಿದವನ ನೆತ್ತಿ ನೆಲಕ್ಕೆ ಕುಟ್ಟಿದಂತೆ ಕಾಣುತ್ತದೆ. ವಾಸ್ತವದಲ್ಲಿ ಎತ್ತಿದವನ ಮೊಣಕಾಲು ಮೊದಲು ತಾಗುತ್ತದೆ, ನೆತ್ತಿ ಸ್ವಲ್ಪ ಮೇಲೇ ಇರುತ್ತದೆ. ಆ ಎರಡು ಇಂಚು ತಪ್ಪಿದರೆ ಇಡೀ ಮೈಭಾರ ಕುತ್ತಿಗೆಯ ಮೂಳೆ ಮೇಲೆ. ನಮ್ಮ ಗರಡಿಯಲ್ಲಾದರೆ ಅಗೆದು ಹದ ಮಾಡಿದ ಮಣ್ಣಿರುತ್ತದೆ, ಮಾಳಿಗೆಯಲ್ಲಿರೋದು ಸಿಮೆಂಟು.

ಹೀಗೆ ಬಿದ್ದ ಹುಡುಗ ಕುತ್ತಿಗೆ ನೋವು ಎಂದರೆ, ಕೈಕಾಲು ಜೋಮು ಎಂದರೆ, ಎಬ್ಬಿಸಿ ಕೂರಿಸಬೇಡಿ, ಕುತ್ತಿಗೆ ಉಜ್ಜಬೇಡಿ, ಬೈಕ್ ಮೇಲೆ ಕೂರಿಸಿಕೊಂಡು ಓಡಬೇಡಿ. ತಲೆ ಅಲುಗದಂತೆ ಎರಡೂ ಕಡೆ ಹಿಡಿದು, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಮಂಪರು, ತೊದಲು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.