ಮೂರನೆಯ ತಂತಿಯ ವಿಚಾರ

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ಗಿರಿಶ್ರೇಣಿಗಳನ್ನು ನೆನೆಯುವವರಿಗೆ ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಸೀಮೆ ಬೇರೆಯೇ ಒಂದು ಲೋಕವಾಗಿ ತೋರೀತು: ಮಳೆಯ ಮರೆಯಲ್ಲಿ ಹಬ್ಬಿದ ಬಯಲು, ತೆಂಗು ಅಡಿಕೆಗಳ ತೋಟ, ಆ ತೋಟಗಳ ಪ್ರಾಣವನ್ನು ಹಿಡಿದಿರುವ ಕೊಳವೆಬಾವಿ. ಇಂಥ ನೆಲದಲ್ಲಿ ಪಂಪಿನ ವೇಗವನ್ನು ಹತೋಟಿಯಲ್ಲಿಡುವ ಡ್ರೈವ್, ವಿದ್ಯುತ್ತನ್ನು ಅಳೆಯುವ ಮೀಟರು, ತೊಟ್ಟಿಯ ಮಟ್ಟವನ್ನರಿಯುವ ಸೆನ್ಸರು ಇವನ್ನೆಲ್ಲ ದೂರದ ಒಂದು ಪೆಟ್ಟಿಗೆಯೊಡನೆ ತಂತಿಯಿಂದ ಕೂಡಿಸಬೇಕಾದಾಗ ಬಹುಮಟ್ಟಿಗೆ ಬಳಕೆಗೆ ಬರುವುದು, 1983ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವು ಪ್ರಕಟಿಸಿದ ಆರ್‌ಎಸ್-485 ಎಂಬ ವಿದ್ಯುತ್ ಪದ್ಧತಿ. ಅದು ಜೋಡಿ ತಂತಿಯ ಪದ್ಧತಿಯಾದ್ದರಿಂದ ಎರಡೇ ತಂತಿ ಸಾಕೆಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಉಪಕರಣದ ಮೇಲೆ ಗ್ರೌಂಡ್ ತಂತಿಗೆಂದು ಮೂರನೆಯ ತಿರುಪು ಕಣ್ಣೆದುರಿಗೇ ಇದ್ದರೂ ಅದನ್ನು ಖಾಲಿ ಬಿಡುವುದೇ ರೂಢಿಯಾಗಿದೆ.

ಈ ನಂಬಿಕೆಗೆ ಆಧಾರವೇ ಇಲ್ಲವೆನ್ನಲಾಗದು. 1960ರಲ್ಲಿ ರೂಪುಗೊಂಡ ಆರ್‌ಎಸ್-232ರಲ್ಲಿ ಸಂಕೇತದ ವೋಲ್ಟೇಜನ್ನು ಗ್ರೌಂಡ್ ತಂತಿಗೆ ಹೋಲಿಸಿಯೇ ಓದಬೇಕಾದ್ದರಿಂದ ಆ ತಂತಿಯ ಅವಶ್ಯಕತೆ ಸ್ವಯಂಸಿದ್ಧವಾಗಿತ್ತು. 485ರಲ್ಲಾದರೋ ಸಂಕೇತವನ್ನು ಪಡೆಯುವ ಗ್ರಾಹಕವು ಗಮನಿಸುವುದು ಜೋಡಿ ತಂತಿಗಳ ನಡುವಣ ಅಂತರವನ್ನು. ಆ ಅಂತರ 200 ಮಿಲಿವೋಲ್ಟಿನಷ್ಟು ಅಲ್ಪವಾದರೂ ಸಾಕು. ಮೋಟಾರಿನ ಗದ್ದಲವು ಹೊಸೆದ ತಂತಿಗಳೆರಡರ ಮೇಲೂ ಸರಿಸಮವಾಗಿ ಎರಗುವುದರಿಂದ ಆ ಅಂತರ ಕೆಡುವುದೂ ಇಲ್ಲ. ಇಷ್ಟೂ ದಿಟವೇ. ಆದರೆ ಗ್ರಾಹಕಕ್ಕೆ ಈ ಶಕ್ತಿ ಇರುವುದು, ಎರಡು ತಂತಿಗಳೂ ಅದರ ಸ್ವಂತ ಗ್ರೌಂಡಿನಿಂದ ಕೆಳಗೆ 7 ವೋಲ್ಟ್, ಮೇಲೆ 12 ವೋಲ್ಟ್ ಎಂಬ ಎಲ್ಲೆಯೊಳಗೆ ನಿಂತಿರುವ ತನಕ ಮಾತ್ರ. ಕೆರೆಯ ನೀರು ಏರಿದರೂ ಇಳಿದರೂ ತೆಪ್ಪದ ಮೇಲೆ ನಿಂತ ಇಬ್ಬರ ಎತ್ತರದ ಅಂತರ ಬದಲಾಗದು. ಆದರೆ ತೆಪ್ಪವು ಸೇತುವೆಯ ಕೆಳಗಿರುವಾಗ ನೀರು ಏರುತ್ತ ಹೋದರೆ ಇಬ್ಬರ ತಲೆಗೂ ಪೆಟ್ಟು ತಪ್ಪದು. ಕಳುಹಿಸುವ ಉಪಕರಣದ ತಂತಿಯೇ ತನ್ನ ಗ್ರೌಂಡಿನಿಂದ 5 ವೋಲ್ಟಿನವರೆಗೆ ಮೇಲಿರಬಹುದಾದ ಕಾರಣ, ಎರಡೂ ಕಡೆಯ ಗ್ರೌಂಡುಗಳ ನಡುವೆ ಸಹಿಸಬಹುದಾದ ಭೇದ ಎತ್ತಲಿಂದ ಎಣಿಸಿದರೂ 7 ವೋಲ್ಟಿಗೆ ನಿಲ್ಲುತ್ತದೆ.

ಪಂಪ್‌ಮನೆಯಲ್ಲೊಂದು, ತೋಟದ ಮನೆಯಲ್ಲೊಂದು ಅರ್ಥಿಂಗ್ ಇರುವಾಗ ಭೂಮಿಯೇ ಮೂರನೆಯ ತಂತಿಯಾಗಲಾರದೇ ಎಂದು ಕೇಳುವವರುಂಟು. ನನ್ನ ಮಟ್ಟಿಗೆ ಎಲ್ಲ ತಪ್ಪು ಕಲ್ಪನೆಗಳಲ್ಲಿ ಇದೇ ಅತ್ಯಂತ ಹಾನಿಕರವಾದದ್ದು. ಭೂಮಿ ತಾಮ್ರವಲ್ಲ, ಅದರಲ್ಲಿ ವಿದ್ಯುತ್ತನ್ನು ಒಯ್ಯುವುದು ತೇವ ಮತ್ತು ತೇವದಲ್ಲಿ ಕರಗಿದ ಲವಣ, ಅರ್ಥಿಂಗ್ ಗುಂಡಿಗೆ ಉಪ್ಪು ಇದ್ದಿಲುಗಳನ್ನು ತುಂಬಿ ಬೇಸಗೆಯಲ್ಲಿ ನೀರು ಹೊಯ್ಯುವ ವಾಡಿಕೆ ಹುಟ್ಟಿದ್ದೂ ಆದಕಾರಣವೇ. ಶಿವರಾತ್ರಿ ಕಳೆದು ಬಯಲುಸೀಮೆಯ ನೆಲ ಒಣಗುತ್ತ ಬಂದಂತೆ ಗುಂಡಿಯ ರೋಧ ಏರುತ್ತದೆ. 5 ಓಮ್ ರೋಧದ ಗುಂಡಿಯಲ್ಲಿ ಮೋಟಾರಿನಿಂದಲೋ ನ್ಯೂಟ್ರಲಿನಿಂದಲೋ 2 ಆಂಪಿಯರ್ ಪ್ರವಾಹ ಹರಿದುಹೋದರೆ, ಓಮ್ ನಿಯಮದ ಪ್ರಕಾರ ಆ ಅರ್ಥಿಂಗ್ ದೂರದ ನೆಲಕ್ಕಿಂತ 10 ವೋಲ್ಟಿನಷ್ಟು ಬೇರೆಯಾಗಿ ನಿಲ್ಲುತ್ತದೆ. ಎರಡು ಅರ್ಥಿಂಗುಗಳ ನಡುವೆ ಮಲ್ಟಿಮೀಟರು ಎ.ಸಿ. 5 ವೋಲ್ಟ್ ತೋರಿಸಿದರೆ ಅದು ಅಲ್ಪವೆಂದು ಉಪೇಕ್ಷಿಸಲಾಗದು, ಏಕೆಂದರೆ ಆ ಅಲೆಯ ಶಿಖರ ಆಗಲೇ 7 ವೋಲ್ಟನ್ನು ಮುಟ್ಟಿರುತ್ತದೆ. ಇನ್ನು ಭರಣಿ, ಕೃತ್ತಿಕೆ ಮಳೆಗಳ ಸಿಡಿಲಿನ ಕಾಲದಲ್ಲಿ ಈ ಭೇದವು ಕ್ಷಣಮಾತ್ರಕ್ಕೆ ಸಾವಿರಾರು ವೋಲ್ಟಿಗೇರಬಲ್ಲುದು.

ಮಾಡಿಕಾನ್ ಕಂಪನಿಯು 1979ರಲ್ಲಿ ಹೊರತಂದ ಮಾಡ್‌ಬಸ್ ಎಂಬ ಸಂವಹನ ನಿಯಮವನ್ನು 485ರ ತಂತಿಯೊಡನೆ ಒಂದೇ ಎಂದು ಬಗೆಯುವುದೂ ತಪ್ಪು; ಒಂದು ಭಾಷೆ, ಇನ್ನೊಂದು ಅದನ್ನು ಒಯ್ಯುವ ವಿದ್ಯುತ್ ಮಾರ್ಗ. ಆದರೆ ಆ ಮಾಡ್‌ಬಸ್ಸಿನ ಸರಣಿ ಮಾರ್ಗದ ನಿಯಮಾವಳಿಯೇ ಜೋಡಿ ತಂತಿಯ ಜೊತೆಗೆ ಎಲ್ಲ ಉಪಕರಣಗಳನ್ನು ಕೂಡಿಸುವ ಸಾಮಾನ್ಯ ತಂತಿಯೊಂದು ಇರತಕ್ಕದ್ದೆಂದು ವಿಧಿಸುತ್ತದೆ. ಗ್ರೌಂಡುಗಳ ಭೇದ ದೊಡ್ಡದಾಗಿದ್ದರೆ ಈ ತಂತಿಯಲ್ಲಿಯೇ ಪ್ರವಾಹ ಹರಿಯುವುದರಿಂದ ಪ್ರತಿ ಉಪಕರಣದ ಬಳಿ 100 ಓಮ್ ರೋಧವನ್ನು ಅದರೊಡನೆ ಸರಣಿಯಾಗಿ ಸೇರಿಸುವ ಪದ್ಧತಿಯುಂಟು. ಪಂಪ್‌ಮನೆಗಳು ದೂರ ದೂರವಿರುವಲ್ಲಿ ಐಸೊಲೇಟೆಡ್ ಎಂದು ಮಾರಲ್ಪಡುವ, ಸಂವಹನದ ಭಾಗವನ್ನು ನೆಲದಿಂದ ಬೇರ್ಪಡಿಸಿದ ಉಪಕರಣವನ್ನೂ ಸರ್ಜ್ ಅರೆಸ್ಟರನ್ನೂ ಕೊಳ್ಳುವುದೇ ಲೇಸು. ಕೇಬಲಿನ ಮೇಲಿನ ಶೀಲ್ಡನ್ನು ಮೂರನೆಯ ತಂತಿಯೆಂದು ಬಳಸಿ ಎರಡೂ ಕೊನೆಗಳಲ್ಲಿ ಅರ್ಥಿಂಗಿಗೆ ಕಟ್ಟಿದರೆ, ತಡೆಯಬೇಕೆಂದಿದ್ದ ಪ್ರವಾಹಕ್ಕೆ ದಾರಿಯನ್ನು ನಾವೇ ತೆರೆದಂತಾಯಿತು.

ತಂತಿಯ ತುದಿಯಲ್ಲಿ ಸಂಕೇತವು ಪ್ರತಿಫಲಿಸದಂತೆ ತಡೆಯುವ ಟರ್ಮಿನೇಷನ್ ರೋಧದ ವಿಷಯದಲ್ಲಿಯೂ ಅತಿಭಕ್ತಿಯುಂಟು. ಪ್ರತಿ ಉಪಕರಣದಲ್ಲಿಯೂ 120 ಓಮ್ ಹಾಕಿದಷ್ಟೂ ಕ್ಷೇಮವೆಂದು ಹತ್ತು ಕಡೆ ಹಾಕಿದರೆ ಒಟ್ಟು ರೋಧ 12 ಓಮಿಗೆ ಇಳಿಯುತ್ತದೆ; ಪ್ರೇಷಕವು 1.5 ವೋಲ್ಟನ್ನು ಕೊಡುವೆನೆಂದು ಭರವಸೆಯಿತ್ತಿರುವುದು 54 ಓಮ್ ಹೊರೆಗೆ. ಟರ್ಮಿನೇಷನ್ ರೋಧದ ಸ್ಥಾನ ಮಾರ್ಗದ ಎರಡು ತುದಿಗಳಲ್ಲಿ ಮಾತ್ರ. 200 ಮೀಟರ್ ಉದ್ದದ ಮಾರ್ಗದಲ್ಲಿ ಪ್ರತಿಫಲನವು ಹೋಗಿ ಬರಲು ಸುಮಾರು 2 ಮೈಕ್ರೊಸೆಕೆಂಡು ಸಾಕು, 9600 ಬಾಡ್ ವೇಗದ ಒಂದು ಬಿಟ್ಟಿಗಾದರೋ 104 ಮೈಕ್ರೊಸೆಕೆಂಡು. ಅಂಥಲ್ಲಿ ರೋಧವಿಲ್ಲದೆಯೂ ಮಾತು ಸರಾಗವಾಗಿ ನಡೆಯಬಲ್ಲುದು. ರೋಧವನ್ನು ಹಾಕಿದಾಗಲಾದರೋ ಯಾರೂ ಮಾತಾಡದ ವೇಳೆಯಲ್ಲಿ ತಂತಿಗಳ ಅಂತರ ಸೊನ್ನೆಗೆ ಜಾರುವುದರಿಂದ, ಅದನ್ನು 200 ಮಿಲಿವೋಲ್ಟಿಗಿಂತ ಮೇಲೆ ಹಿಡಿದಿಡುವ ಬಯಾಸ್ ರೋಧಗಳು ಒಂದೆಡೆ ಬೇಕಾಗುತ್ತವೆ.

ಒಂದೇ ಬಿಂದುವಿನಿಂದ ನಾಲ್ಕು ದಿಕ್ಕಿಗೆ ಕೇಬಲ್ ಹರಡಬಾರದು, ಒಂದು ಉಪಕರಣದಿಂದ ಮತ್ತೊಂದಕ್ಕೆ ಸಾಲಾಗಿ ಸಾಗಬೇಕು. 1200 ಮೀಟರ್ ದೂರ ಸಾಧ್ಯವೆಂಬುದು ನಿಜ. ಆದರೆ ಅದು ಕಡಮೆ ವೇಗದಲ್ಲಿ ಮಾತ್ರ; ಸೆಕೆಂಡಿಗೆ 10 ಮೆಗಾಬಿಟ್ಟಿನಲ್ಲಿ ಆ ಮೇರೆ ಸುಮಾರು 12 ಮೀಟರಿಗೆ ಕುಗ್ಗುತ್ತದೆ. ಎ ಮತ್ತು ಬಿ ಎಂಬ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವರೆಂದು ನಂಬುವುದೂ ಬೇಡ, ತಪ್ಪಿ ಅದಲುಬದಲಾದರೆ ಉಪಕರಣ ಸುಟ್ಟೀತೆಂದು ಹೆದರುವುದೂ ಬೇಡ: ಉತ್ತರ ಬಾರದಿದ್ದಲ್ಲಿ ಉಳಿದ ಉಪಕರಣಗಳನ್ನು ಬಿಡಿಸಿ, ಒಂದನ್ನೇ ಇಟ್ಟುಕೊಂಡು, ಆ ಎರಡು ತಂತಿಗಳನ್ನು ಸ್ಥಾನಪಲ್ಲಟ ಮಾಡಿ ನೋಡಬಹುದು, ಮೂರನೆಯದನ್ನು ಮಾತ್ರ ಅದರ ತಿರುಪಿನಲ್ಲಿಯೇ ಬಿಗಿಯಾಗಿ ಇರಗೊಡತಕ್ಕದ್ದು.